ತೂದಾಳ ಮದುವೆ ಕಾಗದ

ಎಂಟಕ್ಕೆ ಬರುತ್ತೇನೆಂದಿದ್ದ ಗಂಡ ಜಾಯಿದ್ ಹತ್ತಾದರೂ ಬಂದಿರಲಿಲ್ಲ. ಶಾಲೆಯ ಅಂಗಳದಲ್ಲಿ ತೂದಾ ಒಳಗೊಳಗೇ ಕುದಿಯುತ್ತ ನಿಂತಿದ್ದಳು. ಶಾಲೆಯ ಒಂದು ಕೋಣೆ ಇವತ್ತು ಕೋರ್ಟು. ನ್ಯಾಯಾಧೀಶರು ಈ ಅಟ್ಲಾಸ್ ಬೆಟ್ಟ ಹತ್ತಿ ಬರುವುದೇ ವರ್ಷಕ್ಕೊಂದು ಸಲ.

"ಬರ್ತಾನೆ ಬಿಡಕ್ಕಾ," ಎಂದಳು ವಕೀಲೆ ಗಿಜ್ಲಾನ್. ಬಡ ಹೆಂಗಸರ ಕೇಸುಗಳನ್ನು ಪುಕ್ಕಟೆ ನಡೆಸುವ ಸಂಘದವಳು. "ಹದಿಮೂರು ವರ್ಷ ಸಂಸಾರ ಮಾಡಿದವನು, ಎರಡು ಗಂಟೆ ತಡ ಮಾಡಬಾರದಾ?"

"ಕಾಗದದ ವಿಷಯದಲ್ಲಿ ಹದಿಮೂರು ವರ್ಷದಿಂದ ತಡಾನೇ ಮಾಡ್ತಿದಾನೆ."

ಮದುವೆಯಂತೂ ಜೋರಾಗಿಯೇ ಆಗಿತ್ತು. ಹಿರಿಯರು ಫಾತಿಹಾ ಪ್ರಾರ್ಥನೆ ಓದಿ ಹರಸಿದ್ದರು, ಕುರಿ ಕಡಿದಿದ್ದರು, ಮೂರು ದಿನ ಊರೆಲ್ಲ ಹಾಡಿ ಕುಣಿದಿತ್ತು. ದಾಖಲೆ ಮಾತ್ರ ಯಾರೂ ಮಾಡಿಸಲಿಲ್ಲ. ಈಗ ಮಗಳು ಇಜ್ಜಾ ಆರನೇ ಕ್ಲಾಸಿನ ಪರೀಕ್ಷೆಗೆ ಕೂರಬೇಕು. ಅದಕ್ಕೆ ಜನನ ದಾಖಲೆ ಬೇಕು, ಜನನ ದಾಖಲೆಗೆ ಅಪ್ಪ ಅಮ್ಮನ ಮದುವೆ ಕಾಗದ ಬೇಕು.

ಕೇಳಿದಾಗಲೆಲ್ಲ ಜಾಯಿದ್ ಒಂದೊಂದು ನೆಪ ಹೇಳುತ್ತಿದ್ದ. ಹಿಮ ಬಿದ್ದಿದೆ, ಹೇಸರಗತ್ತೆ ಕುಂಟುತ್ತಿದೆ, ಆಫೀಸಿಗೆ ರಜೆ. ಗಾರೆ ಕೆಲಸಕ್ಕೆಂದು ಹೋಗುವ ಮೆಕ್ನೆಸ್‌ನಲ್ಲಿ ಇವನಿಗೆ ಇನ್ನೊಬ್ಬಳಿದ್ದಾಳೆ ಎಂದು ತೂದಾ ತೀರ್ಮಾನಿಸಿಬಿಟ್ಟಿದ್ದಳು.

ಅಷ್ಟರಲ್ಲಿ ಅವನು ಬಂದ. ಒಗೆದ ಜೆಲ್ಲಾಬ ನಿಲುವಂಗಿ, ನುಣ್ಣಗೆ ಬೋಳಿಸಿದ ಗಡ್ಡ. ಓರೆಗಣ್ಣಿನಲ್ಲಿ ನೋಡಿದಳು, ಹಾಳಾದವನು ಚೆನ್ನಾಗಿಯೇ ಕಾಣುತ್ತಿದ್ದ. ಅದಕ್ಕೇ ಕೋಪ ಇನ್ನಷ್ಟು ಏರಿತು.

"ಕ್ಷೌರಕ್ಕೆ ಎರಡು ಗಂಟೆ ಬೇಕಾಯ್ತಾ?"

"ಅಲ್ಲಿ ಸಾಲಿತ್ತು," ಎಂದ ಅವನು, ನೆಲ ನೋಡುತ್ತ.

ಗಿಜ್ಲಾನ್ ಇಬ್ಬರನ್ನೂ ಕೂರಿಸಿಕೊಂಡಳು. "ಜಾಯಿದಣ್ಣ, ನೀನು ಹೌದು ಅಂದ್ರೆ ಮುಕ್ಕಾಲು ಕೆಲಸ ಆದ ಹಾಗೆ. ಅಕ್ಕಾ, ಕಾಗದ ಬಂದ್ಮೇಲೆ ನಿನ್ನ ಹಕ್ಕೆಲ್ಲ ನಿನ್ನ ಕೈಲಿ. ನಾಳೆ ಇವನ ಜೊತೆ ಬಾಳೋಕಾಗಲ್ಲ ಅನ್ನಿಸ್ತೋ, ವಿಚ್ಛೇದನದ ಕೇಸಿಗೂ ನಾನೇ ಬರ್ತೀನಿ, ಪುಕ್ಕಟೆ."

ತೂದಾ ನಕ್ಕಳು. ಜಾಯಿದ್ ನಗಲಿಲ್ಲ. ಎದ್ದು ಹೇಸರಗತ್ತೆ ಕಟ್ಟಿದ್ದ ಶಾಲೆಯ ಹಿಂಭಾಗಕ್ಕೆ ನಡೆದುಬಿಟ್ಟ. ಅವನು ಹೊರಟೇ ಹೋಗುತ್ತಾನೆ ಎಂದುಕೊಂಡು ತೂದಾ ಹಿಂದೆಯೇ ಓಡಿದಳು.

"ಯಾರವಳು?"

"ಯಾವಳು?"

"ಮೆಕ್ನೆಸ್‌ನಲ್ಲಿರೋಳು."

ಅವನು ಕಣ್ಣು ಬಿಟ್ಟುಕೊಂಡು ನೋಡಿದ. "ಮೆಕ್ನೆಸ್‌ನಲ್ಲಿ ನಂಗಿರೋದು ಸಿಮೆಂಟು, ಬೆನ್ನುನೋವು. ಅಷ್ಟೇ ಕಣೇ."

"ಮತ್ತೆ ಕಾಗದ ಅಂದ್ರೆ ಯಾಕೆ ತಪ್ಪಿಸಿಕೊಳ್ತೀಯ?"

ಅವನು ಹಗ್ಗದ ಗಂಟು ಬಿಚ್ಚಿದ, ಮತ್ತೆ ಹಾಕಿದ. "ಇಜ್ಜಾ ಹುಟ್ಟಿದ ವರ್ಷ ನಾವು ಜಗಳ ಆಡಿದ್ವಿ. ಮದುವೆ ಕಾಗದ ಅಂತ ಒಂದಿದ್ದಿದ್ರೆ ಕೋರ್ಟಿಗೆ ಹೋಗಿ ನಿನ್ನ ಬಿಟ್ಟುಬಿಡ್ತಿದ್ದೆ ಅಂದೆ ನೀನು."

"ನಾನಾ?"

"ನೀನೇ. ಹಾಗಂದು ರೊಟ್ಟಿ ಸುಡೋಕೆ ಹೋದೆ. ನೀನು ಮರೆತೆ. ನಂಗೆ ಮರೆಯೋಕಾಗ್ಲಿಲ್ಲ."

ತೂದಾಳಿಗೆ ಆ ಮಾತು ನಿಜಕ್ಕೂ ನೆನಪಿರಲಿಲ್ಲ. ಕಲ್ಲು ಹೊತ್ತು ಗೋಡೆ ಕಟ್ಟುವ ಈ ಗಂಡಸು ಇಷ್ಟು ವರ್ಷ ತನ್ನ ಒಂದು ಮಾತಿಗೆ ಹೆದರಿಕೊಂಡಿದ್ದನಲ್ಲ! ಅವಳಿಗೆ ನಗು ಬಂತು, ಹಿಂದೆಯೇ ಪಾಪ ಅನ್ನಿಸಿತು.

"ಅದಕ್ಕೇ ನನ್ನ ಕಟ್ಟಿಹಾಕಿದ್ಯಾ?"

"ಹೂಂ. ತಪ್ಪು ಮಾಡಿದೆ. ಮಗಳಿಗೂ ಅನ್ಯಾಯ ಆಯ್ತು." ಅವನು ತಲೆಯೆತ್ತಿದ. "ಹೇಳು ತೂದಾ, ಕಾಗದ ಬಂದ್ಮೇಲೆ ಬಿಟ್ಟು ಹೋಗ್ತೀಯಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು.

"ಮೊದಲು ಒಳಗೆ ಬಾ. ಕಾಗದ ಕೊಟ್ಟು ಆಮೇಲೆ ಕೇಳು."

ಕೋಣೆಯಲ್ಲಿ ಸಾಕ್ಷಿಗಳಾಗಿ ಬಂದ ಮುದುಕರು ಬೆಂಚಿನ ಮೇಲೆ ಕೂತಿದ್ದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಜಾಯಿದನನ್ನು ನೋಡಿದರು.

"ಈಕೆ ನಿನ್ನ ಹೆಂಡತಿಯಾ?"

ಅವನು ಮೊದಲು ತೂದಾಳ ಕಡೆ ತಿರುಗಿ ನೋಡಿದ. ಗಿಜ್ಲಾನಳ ಪೆನ್ನು ನಿಂತಿತು.

"ಹೌದು ಸಿದಿ," ಎಂದ, ನ್ಯಾಯಾಧೀಶರಿಗೆ ಗೌರವದಿಂದ ತಲೆ ಬಾಗಿಸಿ. "ಹದಿಮೂರು ವರ್ಷದಿಂದ. ಇನ್ನು ಮುಂದೆ ಇವಳಿಗೆ ಇಷ್ಟ ಇದ್ರೆ."

ಗುಮಾಸ್ತ ತಲೆ ಕೆರೆದುಕೊಂಡ. "ಇದನ್ನ ಹೇಗೆ ಬರ್ಕೊಳ್ಳಲಿ ಸಿದಿ?"

"ಹೌದು ಅಂತ ಬರ್ಕೊ." ನ್ಯಾಯಾಧೀಶರು ತೂದಾಳ ಕಡೆ ತಿರುಗಿದರು. "ನೀನೇನಮ್ಮ ಹೇಳ್ತೀಯ?"

ಅವಳು ಹೇಳಿದ್ದು ನ್ಯಾಯಾಧೀಶರಿಗಾದರೂ ನೋಡಿದ್ದು ಗಂಡನನ್ನು.

"ಇಷ್ಟ ಇದೆ ಸಿದಿ. ಅದನ್ನೂ ಬರೆಸಿ, ಇವನು ಓದಿಕೊಳ್ಳಲಿ."