ಹಲಗೆಯ ಮೇಲಿನ ನಾಲ್ಕು ಸಂಖ್ಯೆಗಳು

ಗುಟ್ಟಾಗಿದ್ದ ಉತ್ತರ ಬಿಳಿ ಹಲಗೆಯ ಮೇಲೆ ಬಟಾಬಯಲಾಗಿ ನಿಂತಿತ್ತು.

ಬರೆದವಳು ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ಬಂದ ಹೆಣ್ಣುಮಗಳು. ಪ್ರಶ್ನೆ ಕೇಳಿ ಹತ್ತು ನಿಮಿಷವಾಗಿರಲಿಲ್ಲ. ಮುಖ್ಯ ಎಂಜಿನಿಯರ್ ಮೊಹರಿನ ಲಕೋಟೆ ಒಡೆದು, ತಮ್ಮ ಮಾದರಿ ಉತ್ತರವನ್ನು ಹಲಗೆಯ ಪಕ್ಕಕ್ಕೆ ಹಿಡಿದರು. ಸಾಲಿಗೆ ಸಾಲು ಒಂದೇ. ಕೋಡ್ ಸರಿಯಿದೆಯೇ ಎಂದು ನೋಡಲು ಬಳಸಿದ ಸಂಖ್ಯೆಗಳೂ ಅವೇ: ಆರು, ಹನ್ನೊಂದು, ಹದಿನಾರು, ಇಪ್ಪತ್ತಮೂರು.

"ಕದ್ದಿದ್ದಾಳೆ! ದಫೇದಾರರನ್ನ ಕರೀರಿ," ಎಂದು ಅವರು ಕೂಗಿದರು.

ದಫೇದಾರರು ಕಂಪನಿಯ ಭದ್ರತೆ ನೋಡಿಕೊಳ್ಳುವವರು. ಪೊಲೀಸ್ ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಅವರಿಗೆ ಕೋಡ್ ಓದಲು ಬಾರದು. ಆದರೆ ಎದುರಿದ್ದವರ ಮಾತನ್ನು ಕೊನೆಯವರೆಗೂ ಕೇಳಬಲ್ಲರು.

"ಸಂಜೆಯೊಳಗೆ ನಿಜ ಗೊತ್ತಾಗಬೇಕು," ಎಂದರು ಕಂಪನಿಯ ಯಜಮಾನಿ. "ಕಳ್ಳತನವೇ ಆದ್ರೆ ಈಕೆ ಹೆಸರು ಉಳಿದ ಕಂಪನಿಗಳಿಗೂ ಹೋಗುತ್ತೆ."

ಎಂದರೆ, ಕೈತಪ್ಪುವುದು ಇದೊಂದೇ ಕೆಲಸವಲ್ಲ. ಇನ್ನು ಯಾವ ಕೆಲಸವೂ ಇಲ್ಲ.

*

ಮೊದಲ ಅನುಮಾನ ನೇಮಕಾತಿ ನೋಡಿಕೊಳ್ಳುವ ಅಕ್ಕನ ಮೇಲೆ. ಲಕೋಟೆ ಇದ್ದದ್ದು ಆಕೆಯ ಕಪಾಟಿನಲ್ಲಿ.

"ಬೀಗದ ಕೈ?"

"ನನ್ನ ಹತ್ರಾನೇ. ನಂಗೆ ಆ ಪ್ರಶ್ನೆಯೇ ಅರ್ಥ ಆಗಲ್ಲ ದಫೇದಾರ್ರೇ, ಉತ್ತರ ಕದ್ದು ಉಪ್ಪಿನಕಾಯಿ ಹಾಕ್ಲಾ?"

ಮೊಹರು ಇವತ್ತಿನವರೆಗೂ ಗಟ್ಟಿಯಾಗಿತ್ತು. ಒಡೆದವರು ಮುಖ್ಯ ಎಂಜಿನಿಯರೇ. ಅದೂ ಎಲ್ಲರ ಕಣ್ಣೆದುರು. ಹಾಗಾದರೆ ಉತ್ತರ ಲಕೋಟೆಯಿಂದ ಹೊರಬಂದದ್ದಲ್ಲ.

ದಫೇದಾರರು ಮುಖ್ಯ ಎಂಜಿನಿಯರ್ ಕೋಣೆಗೆ ಹೋದರು.

"ಇದನ್ನ ಯಾವಾಗ ಬರೆದ್ರಿ ಸಾರ್?"

"ಹೋದ ವರ್ಷ. ನಾನೇ ಬರೆದದ್ದು, ಬೇರೆ ಯಾರದ್ದೂ ಅಲ್ಲ. ಅದಕ್ಕೇ ನನಗೆ ಈ ಕುರ್ಚಿ ಸಿಕ್ಕಿದ್ದು."

"ಯಾರದ್ದು ಅಂತ ನಾನು ಕೇಳಲೇ ಇಲ್ವಲ್ಲ. ಈ ನಾಲ್ಕು ಸಂಖ್ಯೆ ಯಾಕೆ?"

"ಸುಮ್ಮನೆ. ಕೈಗೆ ಬಂದದ್ದು."

*

ಹೆಣ್ಣುಮಗಳು ಕಾಯುವ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು.

"ತಾಯೀ, ಈ ಸಂಖ್ಯೆಗಳು ಎಲ್ಲಿಂದ ಬಂದ್ವು?"

"ಅಮ್ಮನ ಕಣ್ಣಿನ ಹನಿ ಸಾರ್. ಆಪರೇಷನ್ ಆದಾಗ ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹನ್ನೊಂದಕ್ಕೆ. ಕಂಪ್ಯೂಟರಿಗೆ ಇಪ್ಪತ್ನಾಲ್ಕು ಗಂಟೆ ಲೆಕ್ಕ, ಅದಕ್ಕೇ ಹದಿನಾರು, ಇಪ್ಪತ್ತಮೂರು. ಎರಡು ಔಷಧಿ ಒಂದೇ ಹೊತ್ತಿಗೆ ಬಂದ್ರೆ ಯಾವುದು ಮೊದಲು ಅಂತ ಹೇಳೋ ಪ್ರೋಗ್ರಾಮ್ ಬರೆದಿದ್ದೆ. ಇವತ್ತಿನ ಪ್ರಶ್ನೆ ಹೆಚ್ಚುಕಮ್ಮಿ ಅದೇ ಆಗಿತ್ತು."

"ಯಾರಿಗಾದರೂ ತೋರಿಸಿದ್ರಾ?"

ಅವಳು ತಲೆ ತಗ್ಗಿಸಿದಳು.

"ಇದೇ ಕಂಪನಿಗೆ. ಎರಡು ವರ್ಷದ ಹಿಂದೆ. ಮನೇಲಿ ಏನಾದ್ರೂ ಬರೆದು ಕಳಿಸಿ ಅಂದಿದ್ರು. ಆಯ್ಕೆ ಆಗಿಲ್ಲ ಅಂತ ಒಂದೇ ಸಾಲು ಬಂತು."

"ಬೆಳಿಗ್ಗೆಯೇ ಹೇಳಬಾರದಿತ್ತಾ?"

"ಅಣ್ಣ ಆರು ತಿಂಗಳು ತಯಾರಿ ಮಾಡಿಸಿದ ಸಾರ್. ಒಮ್ಮೆ ಬೇಡ ಅನ್ನಿಸಿಕೊಂಡದ್ದನ್ನ ಮಾತ್ರ ಬಾಯಿಬಿಡಬೇಡ, ಅಂದಿದ್ದ. ಪಾಠದ ಜೊತೆ ಅದನ್ನೂ ಬಾಯಿಪಾಠ ಮಾಡಿಬಿಟ್ಟಿದ್ದೆ."

*

ಯಜಮಾನಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ನೇಮಕಾತಿಯ ಅಕ್ಕ ಹೆಣ್ಣುಮಗಳ ಹಳೆಯ ಇಮೇಲ್ ಹುಡುಕಿ ತೆರೆದಳು. ಎರಡು ವರ್ಷದ ಹಿಂದಿನ ತಾರೀಖು. ಅದೇ ಸಾಲುಗಳು, ಅದೇ ಸಂಖ್ಯೆಗಳು. ಅದನ್ನು ಪರಿಶೀಲಿಸಿ 'ಬೇಡ' ಎಂದವರು ಒಬ್ಬರೇ: ಇಂದಿನ ಮುಖ್ಯ ಎಂಜಿನಿಯರ್.

"ಒಂದು ವರ್ಷದ ಕೂಸು ಎರಡು ವರ್ಷದ ಕೂಸನ್ನ ಹೆರೋದುಂಟೇ?" ಎಂದರು ದಫೇದಾರರು. "ಇವತ್ತು ಹಲಗೆ ಮೇಲೆ ಆ ಸಂಖ್ಯೆ ಕಂಡಾಗ ಇವರಿಗೆ ಗುರುತು ಸಿಕ್ಕಿತು. ಈಕೆ ಬಾಯಿ ತೆರೆಯೋ ಮೊದಲೇ ಇವರೇ ಕೂಗಿದ್ರು. ಮೊದಲು ಕಳ್ಳ ಕಳ್ಳ ಅಂದವನ ಬೆನ್ನಟ್ಟಿ ಯಾರೂ ಓಡಲ್ಲ."

"ಇಬ್ಬರಿಗೂ ಒಂದೇ ಯೋಚನೆ ಬರಬಾರದಾ?" ಮುಖ್ಯ ಎಂಜಿನಿಯರ್ ಕೇಳಿದರು.

"ಬರಬಹುದು ಸಾರ್. ನೀವು ಯಾರ ಕಣ್ಣಿಗೆ ಹನಿ ಹಾಕ್ತಿದ್ರಿ?"

ಮುಖ್ಯ ಎಂಜಿನಿಯರ್ ತಮ್ಮ ಮಾದರಿ ಉತ್ತರವನ್ನು ಮಡಿಸಿ ಮೇಜಿನ ಮೇಲಿಟ್ಟರು.

"ಇಷ್ಟು ಚೆನ್ನಾಗಿ ಬರೆದವಳನ್ನ ಬೇಡ ಅಂದ್ರಾ?" ಯಜಮಾನಿ ಮೆಲ್ಲಗೆ ಕೇಳಿದರು.

"ಈಕೆ ಒಳಗೆ ಬಂದಿದ್ರೆ... ಅದನ್ನ ನನ್ನದು ಅನ್ನೋಕೆ ಆಗ್ತಿರಲಿಲ್ಲ."

ಮುಖ್ಯ ಎಂಜಿನಿಯರ್ ಎದ್ದು ಹೊರಗೆ ಹೋದರು. ಯಜಮಾನಿ ಹೆಣ್ಣುಮಗಳತ್ತ ತಿರುಗಿದರು.

"ತಪ್ಪು ನಮ್ಮದು. ನಾಳೆಯಿಂದಲೇ ಬನ್ನಿ ಅಮ್ಮಾ, ಕೆಲಸ ನಿಮ್ಮದು."

"ಬೇಡ ಮೇಡಂ. ಅಯ್ಯೋ ಪಾಪ ಅಂತ ಕೊಟ್ಟರು ಅನ್ನೋ ಮಾತು ಬೇಡ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. "ಸಂದರ್ಶನ ಇನ್ನೂ ಮುಗಿದಿಲ್ಲ. ನಾನು ಕಂಡಿಲ್ಲದ ಪ್ರಶ್ನೆ ಕೇಳಿ."

ಯಜಮಾನಿ ಕುರ್ಚಿ ಎಳೆದುಕೊಂಡು ಎದುರು ಕೂತರು.