ಮಡಿಸದ ಪಾಚಿ

ದೋಣಿಯ ಮುಂತುದಿಯಲ್ಲಿ ನಿಂತವನು ಡಾಲ್‌ಸು ಎಂದು ಒಕ್‌ಬುನ್‌ಗೆ ದೂರದಿಂದಲೇ ಗೊತ್ತಾಯಿತು. ಕಡಲಪಾಚಿ ಹರವುತ್ತಿದ್ದ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಬೇಗಬೇಗನೆ ಕೂದಲು ಸರಿಮಾಡಿಕೊಂಡಳು.

ಅತ್ತೆ ತೀರಿಕೊಂಡ ಸುದ್ದಿ ಅವನಿರುವ ಜಿಂಡೋ ಪೇಟೆಗೂ ಮುಟ್ಟಿರಬೇಕು. ಅದಕ್ಕೇ ಬಂದಿದ್ದಾನೆ. ವಿಧವೆ ಸೊಸೆ ಮತ್ತೆ ಮದುವೆಯಾಗಿ ದ್ವೀಪ ಬಿಟ್ಟರೆ ಬಂಡೆಗಳ ಪಾಚಿಯಲ್ಲಿ ಆ ಮನೆಗೆ ಪಾಲಿಲ್ಲವೆಂಬುದು ದ್ವೀಪದ ಕಟ್ಟಳೆ. ಮುದುಕಿಯನ್ನು ಉಪವಾಸ ಕೆಡವಿ ಬರಲಾರೆನೆಂದು, ಹಿಂದೆ ಮದುವೆಗೆ ಕೇಳಿ ಬಂದಿದ್ದ ಅವನನ್ನು ಬರಿಗೈಯಲ್ಲಿ ಕಳಿಸಿದ್ದಳು. ಈಗ ತಡೆಯುವವರು ಯಾರೂ ಇರಲಿಲ್ಲ.

"ಇನ್ನೂ ಅದೇ ಪಾಚಿ ವಾಸನೆ ನಿಂದು," ಡಾಲ್‌ಸು ನಕ್ಕ.

"ಮೂಗು ಮುಚ್ಕೊಂಡು ವಾಪಸ್ ದೋಣಿ ಹತ್ತು. ಯಾರು ಕರೆದ್ರು?"

"ಆ ವಾಸನೆ ಬೇಡ ಅಂದೆನಾ ನಾನು?"

ಅವಳ ಕಿವಿಯ ಬಳಿ ಉಪ್ಪು ಒಣಗಿ ಬೆಳ್ಳಗಾಗಿತ್ತು. ಅವನ ನೋಟ ಅಲ್ಲೇ ನಿಂತಿತು. ಒರೆಸಲೆಂಬಂತೆ ಕೈ ಎತ್ತಿ, ಅರ್ಧಕ್ಕೇ ಇಳಿಸಿದ. ಒಕ್‌ಬುನ್‌ಳ ಎದೆ ಹದಿನಾರರ ಹುಡುಗಿಯ ಹಾಗೆ ಹೊಡೆದುಕೊಂಡಿತು.

"ಒಂದು ಕಟ್ಟು ಪಾಚಿ ಬೇಕಿತ್ತು. ಉದ್ದದ್ದು. ಮಡಿಸದ್ದು."

ಪಾಚಿಯ ಚೂರು ನಿತ್ಯದ ಸಾರಿಗೆ, ದಂಟು ಉಪ್ಪಿನಕಾಯಿಗೆ, ಕೊಳೆತದ್ದು ಹೊಲದ ಗೊಬ್ಬರಕ್ಕೆ. ಮಡಿಸದ, ಮುರಿಯದ ಕಟ್ಟು ಮಾತ್ರ ಬಾಣಂತಿಯ ಸಾರಿಗೆ. ಮಡಿಸಿದರೆ ಹೆರಿಗೆ ಕಷ್ಟವಾಗುತ್ತದೆಂದು ದ್ವೀಪದಲ್ಲಿ ಎಲ್ಲರೂ ನಂಬಿದ್ದರು.

"ಯಾವಾಗ ಹೆರಿಗೆ?" ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಅಚ್ಚರಿ.

"ಮುಂದಿನ ತಿಂಗಳು." ಅವನು ತಲೆ ತಗ್ಗಿಸಿದ. "ನೀನೇ ಅಲ್ವಾ ಹೇಳಿದ್ದು, ನಂಗೋಸ್ಕರ ಕಾಯ್ಬೇಡ ಅಂತ?"

"ಹೇಳಿದ್ದೆ. ನೀನು ಕೇಳ್ತೀಯ ಅಂದ್ಕೊಂಡಿರ್ಲಿಲ್ಲ."



ಅವಳು ಪಾಚಿ ಇಡುವ ಕೋಣೆಗೆ ಹೋದಳು. ಎಷ್ಟೋ ಮನೆಗಳ ಬಾಣಂತನಕ್ಕೆ ಪಾಚಿ ಒಣಗಿಸಿ ಕಟ್ಟಿದ್ದಳು. ಬಾಣಂತಿಯಾಗಿ ಆ ಸಾರನ್ನು ತಾನು ಒಮ್ಮೆಯೂ ಕುಡಿದಿರಲಿಲ್ಲ. ಎಲ್ಲಕ್ಕಿಂತ ಚೆಂದದ ಕಟ್ಟಿನ ಮೇಲೆ ಕೈ ನಿಂತಿತು. ಹುಲ್ಲುಹಗ್ಗದ ಕೆಳಗೆ ಒಂದು ಸಲ ಒತ್ತಿದರೆ ಸಾಕು, ಲಟಕ್ಕೆಂದು ಮುರಿಯುತ್ತದೆ. ಯಾರಿಗೂ ತಿಳಿಯುವುದಿಲ್ಲ. ಬೆರಳುಗಳು ಬಿಗಿದವು. ಆಮೇಲೆ ಸಡಿಲವಾದವು.

ಅವಳು ಹೊರಗೆ ತಂದುಕೊಟ್ಟ ಕಟ್ಟನ್ನು ಡಾಲ್‌ಸು ಕಂಕುಳಿಗೆ ಸಿಕ್ಕಿಸಲು ಹೋದ.

"ಬಾಗಿಸ್ಬೇಡ!" ಅವಳು ಚೀರಿದಳು. ಅವನ ಎರಡೂ ತೋಳುಗಳನ್ನು ಚಾಚಿಸಿ, ಅದನ್ನು ಅಡ್ಡಲಾಗಿ ಮಲಗಿಸಿದಳು. "ತಣ್ಣೀರಲ್ಲಿ ನೆನೆಸಿ, ಎಳ್ಳೆಣ್ಣೇಲಿ ಹುರಿದು, ಸಣ್ಣ ಉರೀಲಿ ಕುದಿಸ್ಬೇಕು. ನೀನೇ ಮಾಡು. ಅವಳನ್ನ ಎಬ್ಬಿಸ್ಬೇಡ."

"ಒಕ್‌ಬುನ್, ನಾನು..."

"ದೋಣಿ ಕಾಯ್ತಿದೆ, ಹೋಗು."

ಪಕ್ಕದ ಮನೆಯ ಮಾಲ್‌ಜಾ ಇದನ್ನೆಲ್ಲ ನೋಡುತ್ತಿದ್ದಳು. "ಬುದ್ಧಿ ಇಲ್ವೇನೇ ನಿಂಗೆ? ಅಷ್ಟು ಒಳ್ಳೇದನ್ನ ಅವನಿಗೆ ಕೊಟ್ಯಲ್ಲ! ಒಳಗೇ ಮುರಿದು ಕೊಡ್ಬೇಕಿತ್ತು."

"ಹೆರೋಳು ಅವನಲ್ವಲ್ಲ ಅಕ್ಕಾ," ಎಂದಳು ಒಕ್‌ಬುನ್.

ಹರವಿದ್ದ ಪಾಚಿಯನ್ನು ಮಗುಚಿ ಹಾಕಲು ಬಾಗಿದವಳು, ದೋಣಿಯ ಸದ್ದು ಪೂರ್ತಿ ಅಡಗುವವರೆಗೂ ತಲೆ ಎತ್ತಲಿಲ್ಲ.