ತೊಳೆದರೆ ಹೋಗದ ಬಿಸಿಲು

"ನಿನಗಿದು ಬೇಡ" ಎಂದ ಮುಯೋಲ್, ಅವಳ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ತೆಗೆದು ಮತ್ತೆ ಶೆಲ್ಫಿನಲ್ಲಿಡುತ್ತ. "ನಿನ್ನ ಮುಖ ಹೀಗೇ ಚೆನ್ನಾಗಿದೆ."

ಬೇರೆ ಹುಡುಗಿಯಾಗಿದ್ದರೆ ನಾಚಿಕೊಂಡು ಕಣ್ಣು ಕೆಳಗೆ ಹಾಕುತ್ತಿದ್ದಳೇನೋ. ಸೊದಮ್‌ಗೆ ಮೈಯೆಲ್ಲ ಉರಿದುಹೋಯಿತು.

ತೊಂಗ್ಯಂಗ್ ಬಂದರಿನ ಮಾರುಕಟ್ಟೆ ಬೀದಿಯ ಆ ಕಾಸ್ಮೆಟಿಕ್ಸ್ ಅಂಗಡಿಗೆ ಬರೋಣವೆಂದವಳು ಅವಳೇ. ಅವಳು ಮಕ್ಕಳಿಗೆ ಹಾಯಿದೋಣಿ ಕಲಿಸುವ ಕೋಚ್. ಬೆಳಗಿನಿಂದ ಸಂಜೆಯ ತನಕ ನೀರಿನ ಮೇಲೇ ಬದುಕು. ತಲೆಯ ಮೇಲಿನ ಬಿಸಿಲು ಸಾಲದೆಂದು ಸಮುದ್ರವೂ ಕೆಳಗಿನಿಂದ ಇನ್ನಷ್ಟು ಬಿಸಿಲು ಎರಚುತ್ತದೆ. ಗೋಡೆಗೆ ಸುಣ್ಣ ಬಳಿದಂತೆ ದಪ್ಪ ಸನ್‌ಸ್ಕ್ರೀನ್ ಬಳಿದುಕೊಳ್ಳಬೇಕು. ನೀರಿಗೆ ಬಿದ್ದರೂ ಹೋಗದ ಸನ್‌ಸ್ಕ್ರೀನ್ ಅದು, ಹಾಗಾಗಿ ಸೋಪಿಗೂ ಹೋಗುತ್ತಿರಲಿಲ್ಲ. ಗಲ್ಲದ ತುಂಬ ಸಾಸಿವೆಯಂಥ ಗುಳ್ಳೆಗಳು ಎದ್ದಿದ್ದವು. ಎಣ್ಣೆಯ ಕ್ಲೆನ್ಸರ್ ತಗೋ, ಎಣ್ಣೆಯಂಥದ್ದನ್ನು ಎಣ್ಣೆಯೇ ಬಿಡಿಸಬೇಕು ಎಂದು ಎಲ್ಲರೂ ಹೇಳಿದ್ದರು.

ಅಂಗಡಿಯ ಹುಡುಗಿ ಮೂರು ಬಾಟಲಿ ಮುಂದಿಟ್ಟಿದ್ದಳು. ಒಂದು ಕಮೀಲಿಯಾ ಹೂವಿನ ಬೀಜದ ಎಣ್ಣೆ, ಒಂದು ಅಕ್ಕಿ ತೌಡಿನದು. ಮೂರನೆಯದು ನಿಂಬೆಬಣ್ಣದ್ದು, ಹೆಸರಿನ ಕೆಳಗೆ ಬೆಳ್ಳಿಯ ಅಕ್ಷರದಲ್ಲಿ ಬ್ರೈಟ್ನಿಂಗ್ ಎಂದಿತ್ತು. ಸೊದಮ್‌ಳ ಕೈ ಅದಕ್ಕೇ ಹೋಗಿತ್ತು.

"ಇದು ಹಚ್ಚಿದ್ರೆ ಬೆಳ್ಳಗಾಗ್ತಾರಾ?" ಎಂದು ಆದಷ್ಟು ಅಸಡ್ಡೆಯಿಂದ ಕೇಳಿದ್ದಳು.

"ಬೆಳ್ಳಗೆ ಅಂತ ಅಲ್ಲ ಅಕ್ಕಾ. ಕ್ರೀಮು, ಕೊಳೆ ಪೂರ್ತಿ ಹೋದ್ರೆ ಮುಖ ಕಳಕಳೆಯಾಗಿ ಕಾಣತ್ತೆ. ಒಣ ಕೈಯಲ್ಲಿ ಒಣ ಮುಖಕ್ಕೆ ಹಚ್ಚಿ, ಮೆತ್ತಗೆ ಉಜ್ಜಿ, ಆಮೇಲೆ ನೀರು ಮುಟ್ಟಿಸ್ಬೇಕು. ಹಾಲಿನ ಥರ ಆಗತ್ತಲ್ಲ, ಆಗ ತೊಳೆದುಬಿಡಿ."

ಆಗಲೇ ಮುಯೋಲ್ ಬಾಯಿ ಹಾಕಿದ್ದು.

ಸೊದಮ್ ಕೈ ಚಾಚಿ ಬಾಟಲಿಯನ್ನು ಮತ್ತೆ ತೆಗೆದುಕೊಂಡಳು. "ಇದು ನಿನ್ನ ಮುಖ ಅಲ್ಲ."

"ಅಲ್ಲ, ನನಗೆ ಇಷ್ಟ ಅಂತ ಹೇಳ್ದೆ."

"ಇಲ್ಲಿ ಹೇಳ್ತೀಯ. ಇಲ್ಲಿ ಯಾರಿದಾರೆ ಕೇಳೋಕೆ? ನಿಮ್ಮಮ್ಮನ ಮನೇಲಿ ಹೇಳ್ಬೇಕಿತ್ತು. ಅಲ್ಲಿ ನೀನು ನಕ್ಕೆ."

"ನಾನು ನಗಲಿಲ್ಲ ಸೊದಮ್."

"ನಕ್ಕೆ. ಹಲ್ಲು ಕಾಣಿಸ್ಲಿಲ್ಲ, ಅಷ್ಟೇ."

ಅಂಗಡಿಯ ಹುಡುಗಿ ಮುಖಕ್ಕಂಟಿಸುವ ಶೀಟ್ ಮಾಸ್ಕ್‌ಗಳನ್ನು ಜೋಡಿಸುವ ನೆಪದಲ್ಲಿ ಆ ಕಡೆ ಸರಿದಳು. ಸೊದಮ್ ನಿಂಬೆಬಣ್ಣದ ಬಾಟಲಿಯನ್ನೇ ಕೊಂಡಳು. ಅವನು ಬಾಗಿಲು ಹಿಡಿದು ನಿಂತಿದ್ದ, ಅವಳು ಅವನ ತೋಳಿನ ಕೆಳಗಿಂದ ನುಸುಳಿ ತಿರುಗಿಯೂ ನೋಡದೆ ನಡೆದುಬಿಟ್ಟಳು.

*

ಅವರಿಬ್ಬರ ಪರಿಚಯವಾದದ್ದೂ ಮುಖದ ಕಾರಣಕ್ಕೇ.

ಮುಯೋಲನದು ಕನ್ನಡಕದ ಅಂಗಡಿ. ಹಿಂದಿನ ವರ್ಷದ ವಸಂತದಲ್ಲಿ ಸೊದಮ್ ಪವರ್ ಇರುವ ಸನ್‌ಗ್ಲಾಸ್ ಮಾಡಿಸಲು ಹೋಗಿದ್ದಳು. ಅವನು ಎದುರು ಕೂತು, ಎರಡು ಕಣ್ಣುಗಳ ನಡುವಿನ ಅಂತರ ನೋಡಲು ಪುಟ್ಟ ಸ್ಕೇಲನ್ನು ಅವಳ ಮೂಗಿನ ಮೇಲಿಟ್ಟ. ತೆಗೆದ. ಮತ್ತೆ ಇಟ್ಟ. ಅವನ ಕಿವಿಗಳು ನಿಧಾನವಾಗಿ ಕೆಂಪಾಗುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದಳು.

"ಎಷ್ಟಿದೆ?" ಎಂದು ಕೇಳಿದಳು.

"ಮರೆತುಹೋಗ್ತಿದೆ. ನೀವು ನನ್ನನ್ನೇ ನೋಡ್ತಿದೀರ."

"ನೀವೇ ತಾನೇ ನೋಡಿ ಅಂದಿದ್ದು."

ಸನ್‌ಗ್ಲಾಸ್ ತಯಾರಾದ ಮೇಲೂ ಅದರ ಕಡ್ಡಿ ಸಡಿಲವಾಗಿದೆಯೆಂದು ಅವಳು ಎಷ್ಟೋ ಸಲ ಹೋದಳು. ಕಡ್ಡಿಗೆ ಏನೂ ಆಗಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಆದರೂ ಪ್ರತಿ ಸಲ ಸ್ಕ್ರೂ ತೆಗೆದು, ಒರೆಸಿ, ಮತ್ತೆ ಹಾಕಿ, ಅವಳ ಕಿವಿಯ ಹಿಂದಿನ ಕೂದಲು ಸರಿಸಿ ಕೂರಿಸುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಇಬ್ಬರಿಗೂ ನೀವು ಹೋಗಿ ನೀನು ಬಂದಿತ್ತು.

ಆ ಸನ್‌ಗ್ಲಾಸೇ ಅವಳ ಮುಖದ ಮೇಲೆ ಒಂದು ಗುರುತು ಬಿಟ್ಟಿತು. ಇಡೀ ಮುಖ ತಾಮ್ರದ ಬಣ್ಣಕ್ಕೆ ತಿರುಗಿ, ಕಣ್ಣಿನ ಸುತ್ತ ಮಾತ್ರ ಬೆಳ್ಳಗೆ ಉಳಿಯಿತು. ಮಕ್ಕಳು ನಕ್ಕರೆ ಅವಳೂ ನಗುತ್ತಿದ್ದಳು.

ಆದರೆ ಈ ವರ್ಷ ಸುಗ್ಗಿಯ ಚೂಸಕ್ ಹಬ್ಬಕ್ಕೆ ಮುಯೋಲ್ ಅವಳನ್ನು ಮನೆಗೆ ಕರೆದೊಯ್ದಾಗ ನಡೆದದ್ದೇ ಬೇರೆ. ಅವನ ತಾಯಿ ಬಂದರಿನಲ್ಲಿ ಸಿಂಪಿಯ ಗಂಜಿ ಮಾರುವ ಪುಟ್ಟ ಹೋಟೆಲಿನ ಒಡತಿ, ಬಾಯಿ ಜೋರು. ತಟ್ಟೆಗೆ ಬಡಿಸುತ್ತ ಬಡಿಸುತ್ತಲೇ ಆಕೆ ಎಲ್ಲರ ಎದುರು, ಈ ಹುಡುಗಿಗೆ ಮದುವೆಯ ಬಟ್ಟೆ ಉಡಿಸಿದರೆ ಗೂಬೆಗೆ ರೇಷ್ಮೆ ಸುತ್ತಿದ ಹಾಗಿರುತ್ತದೆ, ಮದುವೆಗೆ ವಸಂತದ ತನಕ ಸಮಯವಿದೆಯಲ್ಲ, ಅಷ್ಟರಲ್ಲಿ ತೊಳಕೊಂಡು ಬಾ ಮಗೂ ಎಂದಳು. ಮುಯೋಲನ ದೊಡ್ಡಮ್ಮ ನಕ್ಕಳು. ಮಾವಂದಿರು ನಕ್ಕರು. ಸೊದಮ್ ತನ್ನ ಪಕ್ಕದಲ್ಲಿದ್ದವನ ಕಡೆ ತಿರುಗಿದಳು. ಮುಯೋಲ್ ತುಟಿ ಬಿಗಿಹಿಡಿದು, ಕಣ್ಣಂಚಿನಲ್ಲಿ ನಗುತ್ತ, ಒಂದು ದೊಡ್ಡ ತುತ್ತು ಅನ್ನ ಬಾಯಿಗೆ ತುರುಕಿಕೊಂಡ.

ಆ ತುತ್ತು ಅವಳ ಗಂಟಲಲ್ಲೇ ಸಿಕ್ಕಿಕೊಂಡಂತೆ ಇವತ್ತಿಗೂ ಇತ್ತು.

*

ಕಾಸ್ಮೆಟಿಕ್ಸ್ ಅಂಗಡಿಯಿಂದ ಬಂದ ಮೇಲೆ ಸೊದಮ್ ಅವನ ಫೋನು ಎತ್ತಲಿಲ್ಲ. ದಿನವೂ ಸಂಜೆ ಬಚ್ಚಲಲ್ಲಿ ನಿಂತು ಎಣ್ಣೆ ಹಚ್ಚಿಕೊಂಡಳು. ಕಿತ್ತಳೆ ಸಿಪ್ಪೆಯಂಥ ಘಮ. ಬೆರಳ ಕೆಳಗೆ ದಿನವಿಡೀ ಅಂಟಿದ್ದ ಬಿಳಿ ಕ್ರೀಮು ಕರಗಿ ಜಾರುವುದು ನಿಜಕ್ಕೂ ಹಿತವಾಗಿತ್ತು. ನೀರು ತಾಗಿಸಿದರೆ ಹಾಲಾಯಿತು, ತೊಳೆದರೆ ಹೋಯಿತು. ಗಲ್ಲದ ಗುಳ್ಳೆಗಳು ಒಂದೊಂದಾಗಿ ಒಣಗಿದವು.

ಕೆಲಸ ಅಲ್ಲಿಗೆ ಮುಗಿದಿತ್ತು. ಅವಳು ಮಾತ್ರ ನಿಲ್ಲಿಸಲಿಲ್ಲ. ಮತ್ತೆ ಹಚ್ಚಿದಳು, ಮತ್ತೆ ಉಜ್ಜಿದಳು. ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದಳು. ಕನ್ನಡಿಯಲ್ಲಿ ಕಣ್ಣಿನ ಸುತ್ತಿನ ಬಿಳುಪು ಹಾಗೇ ಇತ್ತು, ಉಳಿದ ಮುಖದ ತಾಮ್ರವೂ ಹಾಗೇ ಇತ್ತು. ಕೆನ್ನೆ ಮಾತ್ರ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಕೆನ್ನೆಯಿಂದಲೇ ತಿಳಿಯುವವಳು ಅವಳು. ಆ ವಾರ ದೋಣಿಯಲ್ಲಿ ಕೂತರೆ ಗಾಳಿ ಬಂದ ಕಡೆಯಿಂದೆಲ್ಲ ಸೂಜಿಯೇ ಬಂತು.

ಅವಳಿಗೆ ಮುಯೋಲನ ಮೇಲೆ ಕೋಪ. ಅವನ ತಾಯಿಯ ಮೇಲೆ ಕೋಪ. ಎಲ್ಲಕ್ಕಿಂತ ಹೆಚ್ಚು, ಆ ಬಾಟಲಿಯ ಮುಂದೆ ಆಸೆಯಿಂದ ಕೈ ಚಾಚಿದ ತನ್ನ ಮೇಲೇ ಕೋಪ. ಯಾರದೋ ನಗುವಿಗೆ ಹೆದರಿ ತನ್ನ ಚರ್ಮವನ್ನೇ ಸುಲಿದುಕೊಳ್ಳುತ್ತಿದ್ದಾಳಲ್ಲ. ಒಂದು ಸಂಜೆ ಮುಖ ಒರೆಸಿಕೊಳ್ಳುತ್ತ ಬಚ್ಚಲಲ್ಲೇ ಕೂತು ಅತ್ತಳು. ಕಣ್ಣೀರು ಕೆನ್ನೆಗೆ ತಾಗಿ ಉರಿದಾಗ ಇನ್ನೂ ಸಿಟ್ಟು ಬಂತು.

ಭಾನುವಾರ ಊಟಕ್ಕೆ ಬರಬೇಕೆಂದು ಅವನ ತಾಯಿಯಿಂದ ಕರೆ ಬಂದಿತ್ತು. ದೊಡ್ಡಮ್ಮನೂ ಬರುತ್ತಾಳೆ, ಸ್ವಲ್ಪ ಮೇಕಪ್ ಮಾಡಿಕೊಂಡು ಬಾ ಎಂದು ಹೇಳಿಯೂ ಇದ್ದಳು.

ಸೊದಮ್ ಏನೂ ಹಚ್ಚಿಕೊಳ್ಳದೆ ಹೋದಳು.

*

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹೋಟೆಲಿನ ಒಳಮೇಜಿಗೆ ಊಟ ಹಾಕಿದ್ದರು. ಬಿಸಿ ಗಂಜಿ, ಹಸಿ ಸಿಂಪಿ, ಹೊಸದಾಗಿ ಹಾಕಿದ ಎಲೆಕೋಸಿನ ಕಿಮ್ಚಿ. ಮುಯೋಲ್ ಎದುರಿಗೆ ಕೂತಿದ್ದ. ವಾರದಲ್ಲಿ ಅವನ ಮುಖ ಇಳಿದುಹೋಗಿತ್ತು. ಅವಳ ಕೆನ್ನೆ ಕಂಡೊಡನೆ ಅವನ ಕಣ್ಣು ಅಲ್ಲೇ ನಿಂತುಬಿಟ್ಟಿತು. ಅವಳು ಬೇಕೆಂದೇ ಕಿಟಕಿಯ ಕಡೆ ನೋಡಿದಳು.

ತಾಯಿ ಗಂಜಿ ಬಡಿಸುತ್ತ ಬಗ್ಗಿ ಅವಳ ಮುಖವನ್ನು ಪರೀಕ್ಷಿಸಿದಳು. "ಏನೇ ಮಗೂ, ಕಪ್ಪು ಹೋಗೋದಿರ್ಲಿ, ಕೆಂಪೂ ಸೇರಿಕೊಂಡಿದೆ. ಈಗ ಯಾವ ಹಕ್ಕಿ ಅನ್ನೋದು ನಿನ್ನ?"

ದೊಡ್ಡಮ್ಮ ಕಿಸಕ್ಕನೆ ನಕ್ಕಳು.

ಸೊದಮ್ ಚಮಚ ಕೆಳಗಿಟ್ಟಳು. ಹೇಳಬೇಕಾದದ್ದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೂ ಒಂದು ಉಸಿರಿನಷ್ಟು ಹೊತ್ತು ಕಾದಳು. ಅಷ್ಟು ಮಾತ್ರ ಅವನಿಗೆ ಕೊಡುವೆ, ಆಮೇಲೆ ಎದ್ದು ಹೋಗುವೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು.

ಮುಯೋಲನ ಬಾಯಲ್ಲಿ ತುತ್ತಿತ್ತು. ಅವನು ಅದನ್ನು ಅಗಿಯಲಿಲ್ಲ, ಹಾಗೇ ನುಂಗಿದ. ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಹಬ್ಬದ ದಿನ ನಾನೂ ನಕ್ಕಿದ್ದೆ" ಎಂದ. ದನಿ ಗಟ್ಟಿಯಾಗಿರಲಿಲ್ಲ. "ನಿನಗೆ ಬೇಜಾರಾಗತ್ತೆ ಅಂತ ಇವಳಿಗೆ ಬೇಜಾರಾಗೋಕೆ ಬಿಟ್ಟೆ. ಅದು ಹೇಡಿತನ. ಇನ್ಮೇಲೆ ಆಗಲ್ಲ. ಇವಳ ಮುಖದ ಬಗ್ಗೆ ಈ ಮನೇಲಿ ಇನ್ನೊಂದು ಮಾತು ಬಂದ್ರೆ ನಾವಿಬ್ರೂ ಎದ್ದು ಹೋಗ್ತೀವಿ. ಮದುವೆ ದಿನ ಬಂದ್ರೂ ಅಷ್ಟೇ."

ದೊಡ್ಡಮ್ಮ ಕಿಮ್ಚಿಯ ಬಟ್ಟಲಲ್ಲಿ ಏನೋ ಹುಡುಕತೊಡಗಿದಳು. ತಾಯಿಯ ಮುಖ ಬಿಳಿಚಿಕೊಂಡಿತು. ನಾನು ಹೆತ್ತವನು ನನಗೇ ಬುದ್ಧಿ ಹೇಳುವ ಹಾಗಾದ ಎಂದಷ್ಟೇ ಅಂದು, ಸೌಟನ್ನು ಪಾತ್ರೆಗೆ ಎಸೆದು ಅಡುಗೆಮನೆಗೆ ಹೋದಳು.

ಸೊದಮ್‌ಗೆ ಈಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮುಯೋಲ್ ಅವಳ ಕಡೆ ನೋಡುತ್ತಿದ್ದ ರೀತಿ, ಎಸೆದ ಕೋಲು ಕಚ್ಚಿ ತಂದು ಬಾಲ ಅಲ್ಲಾಡಿಸುವ ನಾಯಿಯದು. ಬೆನ್ನು ತಟ್ಟಬೇಕಂತೆ.

"ಹಾಗೆ ನೋಡ್ಬೇಡ ನನ್ನ" ಎಂದವಳೇ ಎದ್ದು ಅವನ ತಾಯಿಯ ಹಿಂದೆ ಹೋದಳು.

*

ತಾಯಿ ಅಡುಗೆಮನೆಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ಸಿಂಪಿ ಒಡೆಯುತ್ತಿದ್ದಳು. ಕೈಚಾಕು ಚಿಪ್ಪಿನ ಸಂದಿಗೆ ನುಗ್ಗುತ್ತಿತ್ತು, ತಿರುಗುತ್ತಿತ್ತು, ಚಿಪ್ಪು ಟಪ್ಪೆಂದು ಬುಟ್ಟಿಗೆ ಬೀಳುತ್ತಿತ್ತು. ತಲೆ ಎತ್ತದೆಯೇ, ಮಗನನ್ನು ಎತ್ತಿಕಟ್ಟಿದ್ದಾಯಿತಲ್ಲ, ಇನ್ನೇನು ಬಂದೆ ಎಂದು ಕೇಳಿದಳು.

ಎತ್ತಿಕಟ್ಟಿಲ್ಲ, ಅವನು ಒಂದು ತಿಂಗಳು ತಡವಾಗಿ ಬಾಯಿಬಿಟ್ಟಿದ್ದಾನೆ ಎಂದು ಸೊದಮ್ ಉತ್ತರಿಸಿದಳು.

ಆಕೆ ಇನ್ನೊಂದು ಸಿಂಪಿ ಒಡೆದಳು. ಆಮೇಲೆ ಚಿಪ್ಪಿನೊಡನೆ ಮಾತಾಡುವವಳಂತೆ ಹೇಳಿದಳು. ತಾನು ದ್ವೀಪದವಳು, ಮದುವೆಗೆ ಮುಂಚೆ ಬಂಡೆಗಳ ಮೇಲೆ ಮೀನು ಒಣಗಿಸುತ್ತಿದ್ದವಳು. ಮದುವೆಯ ಫೋಟೋ ತೆಗೆಯುವಾಗ ಅತ್ತೆ ಅವಳ ಕತ್ತಿನ ತನಕ ಪೌಡರ್ ಬಳಿಸಿದಳು. ಸಾಲದ್ದಕ್ಕೆ, ಮನೆಮಂದಿಯ ಫೋಟೋದಲ್ಲಿ ಮದುಮಗಳನ್ನೇ ಹಿಂದಿನ ಸಾಲಿಗೆ ನಿಲ್ಲಿಸಿದಳು.

"ನಿನಗೆ ಹಾಗಾಗ್ಬಾರ್ದು ಅಂತ ಹೇಳ್ದೆ" ಎಂದಳು.

ಕನಿಕರ ಬರಬೇಕಾದ ಕಡೆ ಸೊದಮ್‌ಗೆ ಹೊಸದಾಗಿ ಸಿಟ್ಟು ಉಕ್ಕಿತು. ಈ ಸಲ ಆಕೆಯ ಪರವಾಗಿಯೂ ಸಿಟ್ಟು.

"ಅಮ್ಮಾ, ನನ್ನನ್ನ ಹಿಂದಿನ ಸಾಲಿಗೆ ತಳ್ಳೋಕೆ ಇಲ್ಲಿ ಇನ್ಯಾರಿದಾರೆ? ನಿಮ್ಮತ್ತೆ ಇಲ್ಲ. ನೀವೇ ಇರೋದು. ನಿಮಗೆ ಮಾಡಿದ್ದನ್ನ ನನಗೂ ಮಾಡಿ, ಅದಕ್ಕೆ ಕಾಪಾಡೋದು ಅಂತ ಹೆಸರಿಡ್ಬೇಡಿ. ನಾನು ಬಂದ್ರೆ ಈ ಮುಖ ತಗೊಂಡೇ ಬರ್ತೀನಿ. ಈ ಬಾಯೂ ಜೊತೆಗೆ ಬರತ್ತೆ."

ಚಾಕು ನಿಂತಿತು. ಆಕೆ ತಲೆ ಎತ್ತಿದಳು. ಹಬೆಗೆ, ಬಿಸಿಲಿಗೆ, ಉಪ್ಪುನೀರಿಗೆ ಬೆಂದ ಮುಖ. ಅದೂ ತಾಮ್ರವೇ, ಇನ್ನೂ ಹಳೆಯ ತಾಮ್ರ. ಕಣ್ಣುಗಳು ಕೆಂಪಗಿದ್ದವು, ಅಳುತ್ತಿದ್ದಳೋ ಉರಿಯುತ್ತಿದ್ದಳೋ ಹೇಳುವಂತಿರಲಿಲ್ಲ.

"ಬಾಯಿ ಇರೋದು ಕಾಣಿಸ್ತಿದೆ" ಎಂದಳು ಕೊನೆಗೆ. "ಆ ಗೂಬೆ ಮಾತು ಆಡ್ಬಾರ್ದಿತ್ತು. ಆಡ್ದೆ. ಇನ್ನೊಂದು ಚಾಕು ಅಲ್ಲಿದೆ. ಸುಮ್ನೆ ನಿಂತು ಗುರಾಯಿಸಿದ್ರೆ ಸಿಂಪಿ ಬಾಯಿ ತೆರೆಯಲ್ಲ."

ಇಬ್ಬರೂ ಎದುರುಬದುರು ಕೂತು ಸಿಂಪಿ ಒಡೆದರು. ಬುಟ್ಟಿ ಅರ್ಧ ತುಂಬಿದ ಮೇಲೆ ಆಕೆ, ಕೆನ್ನೆಗೆ ಏನು ಬಳಿದುಕೊಂಡೆ ಎಂದು ವಿಚಾರಿಸಿದಳು. ಎಣ್ಣೆಯ ಕ್ಲೆನ್ಸರ್ ಎಂದಾಗ, ಎಣ್ಣೆ ಹಚ್ಚಿ ಸುಮ್ಮನೆ ಸವರುವುದು ಬಿಟ್ಟು ಇಷ್ಟು ತಿಕ್ಕುತ್ತಾರಾ, ಕೆಲವು ದಿನ ಮುಟ್ಟಲೇ ಬೇಡ, ಆಮೇಲೆ ಘಮಘಮ ಇಲ್ಲದ್ದು ಯಾವುದಾದರೂ ತಗೋ ಎಂದು ಬೈದಳು. ಅದು ನಿಜವಾದ ಬೈಗುಳ, ತಾಯಂದಿರು ಬೈಯುವಂಥದ್ದು. ಸೊದಮ್ ಅದಕ್ಕೆ ಎದುರಾಡಲಿಲ್ಲ.

*

ಹೊರಗೆ ಬಂದಾಗ ಸಂಜೆಬಿಸಿಲು ಬಂದರಿನ ನೀರಿನ ಮೇಲೆ ಓರೆಯಾಗಿ ಬಿದ್ದಿತ್ತು. ಮುಯೋಲ್ ದೋಣಿ ಕಟ್ಟುವ ಕಟ್ಟೆಯ ಮೇಲೆ ಕೂತಿದ್ದ. ಅವಳು ಬಂದು ಒಂದು ಮೊಳ ದೂರ ಬಿಟ್ಟು ಕೂತಳು. ಅವನು ಆ ಒಂದು ಮೊಳವನ್ನು ನೋಡಿದ, ಸರಿಯಲಿಲ್ಲ. ಅದು ಅವಳಿಗೆ ಮೆಚ್ಚುಗೆಯಾಯಿತು, ತೋರಿಸಲಿಲ್ಲ.

"ನನ್ನ ಕೋಪ ಇಳಿದಿಲ್ಲ" ಎಂದಳು.

"ಗೊತ್ತು."

"ಇವತ್ತು ನೀನು ಮಾತಾಡಿದ್ದು ದೊಡ್ಡ ಉಪಕಾರ ಅಲ್ಲ. ಅವತ್ತೇ ಆಡ್ಬೇಕಿದ್ದ ಮಾತು."

"ಅದೂ ಗೊತ್ತು. ಅಂಗಡೀಲಿ ನಾನು ಚೆನ್ನಾಗಿದೆ ಅಂದಿದ್ದು, ಪುಕ್ಕಟೆ ಮಾತಾಯ್ತು ಅಂತ ನೀನು ಹೋದ ಮೇಲೆ ಹೊಳೀತು." ಅವನು ನೀರನ್ನೇ ನೋಡುತ್ತಿದ್ದ. "ಸುಳ್ಳು ಮಾತ್ರ ಅಲ್ಲ. ಮೊದಲ ದಿನ ನಿನ್ನ ಕಣ್ಣಿನ ಅಳತೆ ಮರೆತುಹೋಗಿದ್ದು ಸುಳ್ಳಾ?"

ಅವಳ ತುಟಿಯಂಚಿಗೆ ನಗು ಬಂತು. ಹಲ್ಲು ಕಾಣಿಸಲಿಲ್ಲ.

"ಕೋಪ ಇಳಿಯೋ ತನಕ ಕಾಯ್ಬೇಡ" ಎಂದಳು.

ಅವನ ಮುಖ ಬಾಡಿತು. "ಹಾಗಂದ್ರೆ?"

"ಹಾಗಂದ್ರೆ, ಮದುವೆ ದಿನವೂ ಇದ್ರೆ ಇರ್ಲಿ ಅಂತ. ನಾನು ಬರ್ತೀನಿ. ಮುಂದಿನ ಸಾಲಲ್ಲಿ ನಿಲ್ತೀನಿ. ನಿಮ್ಮಮ್ಮನ್ನೂ ಪಕ್ಕದಲ್ಲೇ ನಿಲ್ಲಿಸ್ಕೋತೀನಿ."

ಒಂದು ಮೊಳವನ್ನು ದಾಟಿ ಅವನ ಕೈ ಅವಳ ಮುಖದ ಕಡೆ ಬಂತು, ಸಿಪ್ಪೆ ಎದ್ದ ಕೆನ್ನೆ ಕಂಡು ಗಾಳಿಯಲ್ಲೇ ನಿಂತಿತು.

"ಉರಿಯತ್ತೆ" ಎಂದಳು ಸೊದಮ್.

"ಯಾವ ಕೆನ್ನೆ?"

"ಎರಡೂ."

ಅವನು ಕೈ ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಅವಳೇ ಅದನ್ನು ಹಿಡಿದು, ಕೂದಲ ಕೆಳಗೆ, ಬಿಸಿಲು ಎಂದೂ ಮುಟ್ಟದ ಕತ್ತಿನ ಮೇಲೆ ಇಟ್ಟುಕೊಂಡಳು. ಮುಖ ಮಾತ್ರ ಬಿಗಿಯಾಗಿಯೇ ಇತ್ತು.